ಒಂದು ದರ, ಎರಡು ಹೆಸರು: ಕಬ್ಬಿನ ಬೆಲೆ ಮತ್ತು ಜಾಗತೀಕರಣದ ನೈತಿಕ ಪ್ರಶ್ನೆ

ಜಾಗತೀಕರಣವನ್ನು ಕುರಿತ ಕನ್ನಡದ ಚರ್ಚೆಗಳು ಬಹುಮಟ್ಟಿಗೆ ಭಾಷೆ, ಸಂಸ್ಕೃತಿ, ಅಸ್ಮಿತೆಗಳ ಸುತ್ತ ನಡೆದಿವೆ. ಆದರೆ ಕೃಷಿಕ ಸಮುದಾಯಕ್ಕೆ ಜಾಗತೀಕರಣ ಎದುರಾಗುವುದು ಬೆಲೆಯ ರೂಪದಲ್ಲಿ ಮತ್ತು ಆ ಬೆಲೆಯನ್ನು ಹೆಸರಿಸುವ ಪರಿಭಾಷೆಯ ರೂಪದಲ್ಲಿ. ಕೌಜಲಗಿಯನ್ನು ಒಳಗೊಂಡ ಮೂಡಲಗಿ ತಾಲ್ಲೂಕಿನ ಕಬ್ಬಿನ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು ಈ ಅಂಶವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1966ರ ಕಬ್ಬು ನಿಯಂತ್ರಣ ಆದೇಶಕ್ಕೆ 2009ರಲ್ಲಿ ತಂದ ತಿದ್ದುಪಡಿಯಿಂದ ‘ನ್ಯಾಯ ಮತ್ತು ಲಾಭದಾಯಕ ದರ’ (ಎಫ್‌ಆರ್‌ಪಿ) ಎಂಬ ಪರಿಕಲ್ಪನೆ ಜಾರಿಗೆ ಬಂದಿತು. ಈ ದರವನ್ನು ಘೋಷಿಸುವುದು ಕೇಂದ್ರ ಸರ್ಕಾರ. ಪಾವತಿಸಬೇಕಾದದ್ದು ಸಕ್ಕರೆ ಕಾರ್ಖಾನೆ. 2025-26ನೇ ಹಂಗಾಮಿಗೆ ಶೇ. 10.25ರ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ನಿಗದಿಯಾಯಿತು. ಕಟಾವು ಮತ್ತು ಸಾಗಣೆ ವೆಚ್ಚ ಕಳೆದ ಮೇಲೆ ಕೈಗೆ ಬರುವ ಬಿಲ್ಲು ಸಾಲದೆಂದು 2025ರ ಅಕ್ಟೋಬರ್ ಕೊನೆಯಲ್ಲಿ ಇದೇ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಧರಣಿ ಕುಳಿತರು. ಅವರ ಬೇಡಿಕೆ ಟನ್ನಿಗೆ 3,500 ರೂಪಾಯಿ. ನವೆಂಬರಿನಲ್ಲಿ ರಾಜ್ಯ ಸರ್ಕಾರದ ಮಧ್ಯಸ್ಥಿಕೆಯಿಂದ 3,300 ರೂಪಾಯಿ ತೀರ್ಮಾನವಾಯಿತು.

ಇಲ್ಲಿ ಸಾಲದೆನಿಸಿದ ಈ ಬಗೆಯ ದರವೇ ಜಿನೀವಾದಲ್ಲಿ ಅತಿಯಾಯಿತೆಂಬ ಆಕ್ಷೇಪಕ್ಕೆ ಒಳಗಾಗಿತ್ತು. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಭಾರತದ ವಿರುದ್ಧ ದೂರು ಸಲ್ಲಿಸಿದವು. 2014-15ರಿಂದ 2018-19ರವರೆಗೆ ಕಬ್ಬಿಗೆ ನೀಡಿದ ಬೆಂಬಲವು ಉತ್ಪಾದನಾ ಮೌಲ್ಯದ ಶೇ. 10ರ ಮಿತಿಯನ್ನು ಮೀರಿದೆ ಎಂದು 2021ರ ಡಿಸೆಂಬರಿನಲ್ಲಿ ವಿವಾದ ಮಂಡಳಿ ನಿರ್ಣಯಿಸಿತು. ಹಣ ಕೊಡುವುದು ಕಾರ್ಖಾನೆಯೇ ಹೊರತು ಸರ್ಕಾರವಲ್ಲ ಎಂಬ ಭಾರತದ ವಾದಕ್ಕೆ ಮನ್ನಣೆ ದೊರೆಯಲಿಲ್ಲ. ಕೃಷಿ ಒಪ್ಪಂದದ ಪ್ರಕಾರ ಇಂಥ ಬೆಂಬಲವನ್ನು ಅಳೆಯುವುದು ಇಂದಿನ ದರ ಮತ್ತು 1986-88ರ ಸ್ಥಿರ ಉಲ್ಲೇಖ ಬೆಲೆಗಳ ಅಂತರದಿಂದ. 2022ರ ಜನವರಿಯಲ್ಲಿ ಭಾರತ ಮೇಲ್ಮನವಿ ಸಲ್ಲಿಸಿತು. ಮೇಲ್ಮನವಿ ಪೀಠ ಸದಸ್ಯರ ಕೊರತೆಯಿಂದ 2019ರ ಡಿಸೆಂಬರಿನಲ್ಲೇ ನಿಷ್ಕ್ರಿಯವಾಗಿತ್ತು.

ಹೀಗೆ ಒಂದೇ ದರಕ್ಕೆ ದೆಹಲಿಯಲ್ಲಿ ‘ನ್ಯಾಯ’ವೆಂದೂ ಜಿನೀವಾದಲ್ಲಿ ‘ಬೆಂಬಲ’ವೆಂದೂ ಹೆಸರು. ಇಂಥ ಬೆಂಬಲವನ್ನು ನಾವು ಕನ್ನಡದಲ್ಲಿ ‘ಸಹಾಯಧನ’ ಎಂದು ಕರೆದಾಗ ಇನ್ನೊಂದು ಪಲ್ಲಟ ಸಂಭವಿಸುತ್ತದೆ. ಬೊಕ್ಕಸದಿಂದ ಹಣವೇ ಹೊರಡದ ಎಫ್‌ಆರ್‌ಪಿ ದಾನದಂತೆಯೂ, ಬೆಳೆದು ಕೊಟ್ಟವನು ಪಡೆದವನಂತೆಯೂ ತೋರುತ್ತಾರೆ. 1992ರ ಡಿಸೆಂಬರಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿ ನೇತೃತ್ವದ ರೈತಸಂಘವು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದಾಗ ಎದುರಾಳಿಗೆ ಒಂದು ವಿಳಾಸವಿತ್ತು. ಲೆಕ್ಕದ ಸೂತ್ರದೊಳಗೆ ಅಡಗಿದ ಅಧಿಕಾರಕ್ಕೆ ಅಂಥ ವಿಳಾಸವಿಲ್ಲ. ಗುರ್ಲಾಪುರದ ಧರಣಿ ಕಾರ್ಖಾನೆಯನ್ನೂ ರಾಜ್ಯ ಸರ್ಕಾರವನ್ನೂ ತಲುಪಬಲ್ಲದು, 1986-88ನ್ನು ತಲುಪಲಾರದು.

ಆದರೂ ನ್ಯಾಯವೆಲ್ಲ ನಮ್ಮ ಕಡೆಗೇ ಇದೆ ಎನ್ನುವುದು ಆತುರದ ತೀರ್ಮಾನವಾದೀತು. ಅದೇ ವಿವಾದದಲ್ಲಿ ಭಾರತದ ಸಕ್ಕರೆ ರಫ್ತು ಸಹಾಯಧನವೂ ನಿಯಮಬಾಹಿರವೆನಿಸಿತು. ಸಹಾಯಧನದ ಬಲದಿಂದ ಹೊರಹೋಗುವ ಸಕ್ಕರೆ ಜಾಗತಿಕ ಬೆಲೆಯನ್ನು ತಗ್ಗಿಸಿದರೆ ಅದರ ಹೊರೆ ಗ್ವಾಟೆಮಾಲಾದ ದುಡಿಮೆಗಾರರ ಮೇಲೂ ಬೀಳಬಹುದು. ನಮ್ಮಲ್ಲೇ ಕಬ್ಬು ಕಡಿಯುವ ಗ್ಯಾಂಗುಗಳ ಕೂಲಿಯು ರೈತನ ಬಿಲ್ಲಿನಲ್ಲಿ ಕಡಿತವಾಗಿ ಮಾತ್ರ ಕಾಣಿಸುತ್ತದೆ. ‘ನ್ಯಾಯ ದರ’ದ ನ್ಯಾಯದಲ್ಲಿ ಅವರಿಗೆ ಪಾಲಿಲ್ಲ.

ಆದ್ದರಿಂದ ಕನ್ನಡ ಅಧ್ಯಯನವು ಇಂಥ ಪರಿಭಾಷೆಯನ್ನು ಅರ್ಥಶಾಸ್ತ್ರಕ್ಕೆ ಬಿಟ್ಟುಕೊಡದೆ ತನ್ನ ವ್ಯಾಪ್ತಿಗೆ ತಂದುಕೊಳ್ಳಬೇಕಾಗಿದೆ. ಹಣ ಯಾರಿಂದ ಯಾರಿಗೆ ಸಲ್ಲುತ್ತದೆ ಎಂಬುದನ್ನು ನಮ್ಮ ಪದಗಳು ಮರೆಮಾಡುತ್ತಿದ್ದರೆ ಅದನ್ನು ತೋರಿಸುವುದು ಭಾಷಾ ಸಂಶೋಧನೆಯ ಕೆಲಸವೇ ಆಗಿದೆ.