ಗೆದ್ದ ಕಾಲ್‌ನ ಬೆಲೆ

ನನ್ನ ಚಿಕ್ಕಪ್ಪನ ಮಗ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದುಕೊಂಡು ಬಂದಿದ್ದ. ಕಾರಿಗೆಂದು ಎತ್ತಿಟ್ಟಿದ್ದ ಹಣವೆಲ್ಲ ಪೋಕರ್‌ಗೆ ಹೋಗಿತ್ತು. ಯಾವ ಸೋಲಿನಿಂದ ಎಡವಟ್ಟಾಯಿತು ಎಂದು ಹುಡುಕುತ್ತಿದ್ದ. ನನಗೆ ನೆನಪಾದದ್ದು ಅವನು ಗೆದ್ದ ಆಟ. ಪಣಜಿಯಲ್ಲಿ, ಮಾಂಡೋವಿ ನದಿಯ ಮೇಲಿನ ಕ್ಯಾಸಿನೊ ಒಂದರಲ್ಲಿ ಅವನು ಅದನ್ನು ಆಡಿದಾಗ ನಾನು ಹಿಂದೆಯೇ ನಿಂತಿದ್ದೆ.

ಕೈಯಲ್ಲಿ ಆಟಿನ್ ಒಂಬತ್ತು, ಎಂಟು. ನಾಲ್ಕನೆಯ ಎಲೆ, ಟರ್ನ್, ಬಿದ್ದಾಗ ಬೋರ್ಡ್ ಮೇಲೆ ಆಟಿನ್ ರಾಜ, ಆಟಿನ್ ಮೂರು, ಇಸ್ಪೀಟ್ ಎಕ್ಕ, ಕಳಾವರ್ ಎರಡು. ಪಾಟ್‌ನಲ್ಲಿ ₹20,000. ಎದುರಿನವರು ತಮ್ಮಲ್ಲಿ ಉಳಿದಿದ್ದ ₹20,000 ಪೂರ್ತಿ ತಳ್ಳಿ ಆಲ್ ಇನ್ ಅಂದರು. ಇವನೂ ಅಷ್ಟೇ ಹಾಕಿ ಕಾಲ್ ಮಾಡಿದ. ಕೊನೆಯ ಎಲೆ, ರಿವರ್‌ನಲ್ಲಿ, ಆಟಿನ್ ಬಂತು, ಐದು ಆಟಿನ್ ಸೇರಿ ಫ್ಲಶ್ ಆಯಿತು, ಚಿಪ್ಸ್ ಎಲ್ಲ ಇವನ ಕಡೆ ಸರಿದವು.

ಆ ಕಾಲ್‌ನ ಲೆಕ್ಕ ನಿಧಾನವಾಗಿ ಮಾಡೋಣ. ಅವನ ಕಣ್ಣಿಗೆ ಬಿದ್ದ ಎಲೆಗಳು ಆರು, ಕಾಣದವು 46. ಅವುಗಳಲ್ಲಿ ಒಂಬತ್ತು ಆಟಿನ್. ಬೋರ್ಡ್ ಜೋಡಿಯಾಗಿ ಎದುರಿನವರಿಗೆ ಫುಲ್ ಹೌಸ್ ಆಗುವ ಅಪಾಯವನ್ನು ಬಿಟ್ಟುಬಿಡಿ, ಒಂಬತ್ತೂ ಇವನದೇ ಎನ್ನಿ. ಇದೇ ಸಂದರ್ಭ 46 ಸಲ ಬಂದು, ಪ್ರತಿ ಎಲೆಯೂ ಒಮ್ಮೆ ಬಿದ್ದರೆ, ಒಂಬತ್ತು ಸಲ ₹40,000ದಂತೆ ₹3,60,000 ಬರುತ್ತದೆ. ಉಳಿದ 37 ಸಲ ₹20,000ದಂತೆ ₹7,40,000 ಹೋಗುತ್ತದೆ. ನಿವ್ವಳ ನಷ್ಟ ₹3,80,000. ಒಂದು ಕಾಲ್‌ಗೆ ಸುಮಾರು ₹8,260.

ಈಗ ಎಲೆ ಒಂದನ್ನೂ ಬದಲಿಸಬೇಡಿ. ಎದುರಿನವರ ಬಳಿ ಉಳಿದಿದ್ದದ್ದು ₹5,000 ಮಾತ್ರ ಎಂದುಕೊಳ್ಳಿ. ಒಂಬತ್ತು ಸಲ ₹25,000 ಅಂದರೆ ₹2,25,000 ಬಂತು; 37 ಸಲ ₹5,000 ಅಂದರೆ ₹1,85,000 ಹೋಯಿತು. ₹40,000 ಲಾಭ! ಅದೇ ಒಂಬತ್ತು, ಅದೇ ಎಂಟು. ಫ್ಲಶ್ ಆಗುತ್ತದೆಯೇ ಎಂದು ಕೇಳಿಕೊಳ್ಳುವ ಮೊದಲು ಅದಕ್ಕೆ ಎಷ್ಟು ಕೊಡುತ್ತಿದ್ದೇನೆ ಎಂದು ಕೇಳಿಕೊಳ್ಳಬೇಕು. ಹೊಸಬರು ಎಲೆ ನೋಡುತ್ತಾರೆ, ಬೆಲೆ ನೋಡುವುದಿಲ್ಲ.

ಆ ರಾತ್ರಿ ಅವನು ಸೋತಿದ್ದರೆ ಬಹುಶಃ ಅಲ್ಲಿಗೇ ಬುದ್ಧಿ ಕಲಿಯುತ್ತಿದ್ದ. ಗೆದ್ದದ್ದರಿಂದ ತನಗೆ ಆಟದ ವಾಸನೆ ಹತ್ತಿದೆ ಎಂದು ನಂಬಿದ. ಎರಡು ಆಟಿನ್ ಕಂಡರೆ ಸಾಕು, ಎಷ್ಟು ಕೇಳಿದರೂ ಕಾಲ್. ಹೆಚ್ಚು ಹಣ ಹೂಡಬೇಕಾದ, ದೊಡ್ಡ ಬ್ಲೈಂಡ್‌ನ ಮೇಜಿಗೆ ಹೋದ. ಸೋತ ದಿನ ಸೋತದ್ದನ್ನು ಹಿಂದಕ್ಕೆ ಪಡೆಯಲೆಂದು ಇನ್ನೂ ಹೊತ್ತು ಕೂತ. ಒಂಬತ್ತು ಜನರ ಮೇಜಿನಲ್ಲಿ ಐದರಲ್ಲಿ ನಾಲ್ಕು ಕೈಗಳನ್ನು ಮೊದಲಿಗೇ ಫೋಲ್ಡ್ ಮಾಡಬೇಕು ಅಂದರೆ, ಹಾಗಾದರೆ ಆಡುವುದು ಯಾವಾಗ ಎನ್ನುತ್ತಿದ್ದ. ರೇಕ್ ಬಗ್ಗೆ ಅವನು ಯೋಚಿಸಿಯೇ ಇರಲಿಲ್ಲ. ಯಾರು ಗೆದ್ದರೂ ಕ್ಯಾಸಿನೊದವರ ಪಾಲು ಪಾಟ್‌ನಿಂದ ಹೋಗುತ್ತದೆ. ಗೆದ್ದ ಹಣಕ್ಕೆ ಶೇ 30ರ ತೆರಿಗೆ ಬೇರೆ. ಸೋತದ್ದನ್ನು ಸಂಬಳದ ಆದಾಯದಲ್ಲಿ ಕಳೆದು ತೋರಿಸಲು ಅವಕಾಶವಿಲ್ಲ.

ಇನ್ನು ಪೋಕರ್ ಆ್ಯಪ್‌ಗಳು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನೂ ಅದು ಇಟ್ಟುಕೊಂಡಿಲ್ಲ. ಆದರೂ ಹೊರದೇಶದ ಆ್ಯಪ್ ಒಂದರ ಲಿಂಕ್ ಅವನಿಗೆ ಟೆಲಿಗ್ರಾಮ್‌ನಲ್ಲಿ ಬಂದಿತ್ತು, ಬೋನಸ್ ಆಮಿಷದ ಜೊತೆಗೆ. ಇದರ ಲಾಭ ನಷ್ಟ ತೂಗಿ ನೋಡುವ ತಾಳ್ಮೆ ನನಗಿಲ್ಲ. ಹಣ ವಾಪಸ್ ಬಾರದಿದ್ದರೆ ಯಾರ ಬಾಗಿಲು ತಟ್ಟುತ್ತೀರಿ? ಮೊಬೈಲ್‌ನಿಂದ ತೆಗೆದುಹಾಕಿ, ಇವತ್ತೇ.

ಆಡಲೇಬೇಕೆನ್ನುವವರು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಷ್ಟು ತಂದೆ, ಎಷ್ಟು ಒಯ್ದೆ ಎಂದು ಅದೇ ರಾತ್ರಿ ಬರೆಯಿರಿ. ದೊಡ್ಡ ಕಾಲ್ ಒಂದಾದರೂ ಇದ್ದರೆ ಪಾಟ್ ಎಷ್ಟಿತ್ತು, ಎಷ್ಟು ಕೊಟ್ಟೆ ಎಂಬುದನ್ನೂ ಬರೆದು, ಗೆದ್ದಿದ್ದರೂ ಮೇಲಿನ ಲೆಕ್ಕ ಹಾಕಿ ನೋಡಿ. ಏಳುವ ಹೊತ್ತನ್ನು ಕೂರುವ ಮೊದಲೇ ಗೊತ್ತುಮಾಡಿ. ಫೋನನ್ನು ರೂಮಿನಲ್ಲೇ ಬಿಟ್ಟು ಹೋಗಿ. ಮೇಜಿನ ಬಳಿ ಯುಪಿಐ ಕೈಗೆಟುಕಬಾರದು.

ಚಿಕ್ಕಪ್ಪನ ಮಗ ಇನ್ನೂ ಆಡುತ್ತೇನೆ ಎನ್ನುತ್ತಾನೆ. ₹20,000ದೊಂದಿಗೆ ಕೂರುವ ಮೇಜಾದರೆ ಅದರ ಇಪ್ಪತ್ತು ಪಟ್ಟು, ಅಂದರೆ ₹4 ಲಕ್ಷ, ಬಾಡಿಗೆಗೂ ಕಂತಿಗೂ ಆಸ್ಪತ್ರೆಗೂ ಬೇಡದ ಹಣವಾಗಿ ಪ್ರತ್ಯೇಕ ಖಾತೆಯಲ್ಲಿರಲಿ ಎಂದಿದ್ದೇನೆ. ಸದ್ಯ ಅವನ ಖಾತೆಯಲ್ಲಿ ಅಷ್ಟಿಲ್ಲ.