ಮೊದಲು ಮೊಣಕೈ, ಆಮೇಲೆ ಗಾಳ

ಹೊಸದಾಗಿ ಗಾಳ ಕೊಂಡು ತಂದವರು ಏರಿ ಹತ್ತಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಮೇಷ್ಟ್ರೇ, ಈ ಕೆರೇಲಿ ಮೀನು ಇದೆಯಾ?" ಇದೆ ಅಂದರೆ ಯಾವ ಮೀನು, ಎಷ್ಟಿವೆ, ಎಲ್ಲಿ ಕೂತರೆ ಸಿಗುತ್ತವೆ ಎಂದು ಪ್ರಶ್ನೆ ಬೆಳೆಯುತ್ತದೆ. ನಾನು ಗಾಳವನ್ನು ಕಲ್ಲಿನ ಮೇಲೆ ಇಡಿಸಿ, ಅಂಗಿಯ ತೋಳು ಮಡಚಿಕೊಂಡು ನೀರಿಗೆ ಕೈ ಇಳಿಸಿ ಎನ್ನುತ್ತೇನೆ. ನೀವೂ ಹಾಗೆಯೇ ಶುರುಮಾಡಿ.

ಅಂಗೈ ಮೇಲಕ್ಕಿರಲಿ. ನಿಧಾನಕ್ಕೆ ಇಳಿಸುತ್ತಾ ಅದನ್ನೇ ನೋಡುತ್ತಿರಿ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಮರೆಯಾದರೆ ನೀರಿನಲ್ಲಿ ಪಾಚಿ ಅತಿಯಾಗಿದೆ. ಮೊಣಕೈ ಮುಳುಗುವ ಹೊತ್ತಿಗೆ ಮರೆಯಾದರೆ ಹದವಾಗಿದೆ. ಭುಜದವರೆಗೆ ಇಳಿಸಿದರೂ ಅಂಗೈಯ ಗೆರೆಗಳು ಕಾಣುತ್ತಿದ್ದರೆ ನೀರು ನೋಡಲು ಚೆಂದ, ಮೀನಿಗೆ ಮಾತ್ರ ಅರೆಹೊಟ್ಟೆ. ಹೊಸ ಮಳೆಯ ಕೆಂಪು ನೀರಿಗೆ ಈ ಲೆಕ್ಕ ನಡೆಯುವುದಿಲ್ಲ. ಮಣ್ಣು ಕೆಳಗೆ ಕೂತು ನೀರಿಗೆ ತೆಳು ಹಸಿರು ಬರುವವರೆಗೆ ಕಾಯಬೇಕು. ಇದೇ ಪರೀಕ್ಷೆಯನ್ನು ಇಟಲಿಯ ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ಸಮುದ್ರದಲ್ಲಿ ಬಿಳಿ ತಟ್ಟೆಯೊಂದನ್ನು ಹಗ್ಗದಲ್ಲಿ ಇಳಿಬಿಟ್ಟು ಮಾಡಿದರು. ಕೆರೆಯ ಪರೀಕ್ಷೆ ಮಾಡುವವರು ಇವತ್ತಿಗೂ ಅವರ ಹೆಸರಿನ ತಟ್ಟೆಯನ್ನು ಬಳಸುತ್ತಾರೆ. ನಮಗೆ ಮೊಣಕೈ ಸಾಕು.

ಆ ಹಸಿರು ಏನು? ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಸಸ್ಯಗಳು. ಅವನ್ನು ತಿಂದು ಬದುಕುವ ಸೂಕ್ಷ್ಮ ಪ್ರಾಣಿಗಳಿವೆ, ಅವನ್ನು ತಿನ್ನಲು ಮೀನುಮರಿಗಳಿವೆ. ಹೊಲಕ್ಕೆ ಮಣ್ಣಿನ ಸಾರ ಹೇಗೋ ಕೆರೆಗೆ ಈ ಹಸಿರು ಹಾಗೆ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಹಗಲು ಬಿಸಿಲಿನಲ್ಲಿ ಆಮ್ಲಜನಕ ಕೊಡುವ ಪಾಚಿ ರಾತ್ರಿಯೆಲ್ಲಾ ಅದನ್ನೇ ಉಸಿರಾಡುತ್ತದೆ. ಹಾಗಾಗಿ ಕೆರೆಯ ನೀರಿನಲ್ಲಿ ಉಸಿರು ತೀರಾ ಕಡಿಮೆಯಿರುವುದು ಬೆಳಗಿನ ಜಾವ. ಆ ಹೊತ್ತಿನಲ್ಲಿ ದೊಡ್ಡ ಗೆಂಡೆಗಳು ಮೇಲೆ ಬಂದು ಬಾಯಿ ಪಟಪಟ ಅನ್ನಿಸುತ್ತಿದ್ದರೆ ಹೊಸಬರು ಹಿಗ್ಗುತ್ತಾರೆ, ಎಷ್ಟೊಂದು ಮೀನು ಎಂದು. ಅವು ಏದುಸಿರು ಬಿಡುತ್ತಿವೆ. ಅಂಥ ಬೆಳಿಗ್ಗೆ ಗಾಳಕ್ಕೂ ಕಚ್ಚುವುದಿಲ್ಲ, ಗಾಳ ಹಾಕಲೂಬಾರದು. ಚರಂಡಿ ನೀರು ಸೇರುವ ಕೆರೆಗಳಲ್ಲಿ ಇದು ವಿಪರೀತಕ್ಕೆ ಹೋಗುತ್ತದೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಪತ್ರಿಕೆಗಳಲ್ಲಿ ನೋಡಿದವರಿಗೆ ಆ ಚಿತ್ರ ಮರೆತಿರಲಾರದು.

ಇನ್ನು ಕೆರೆಯ ನಕ್ಷೆ. ನಾನು ಹೇಳುತ್ತಿರುವುದು ನಮ್ಮ ಬಯಲುಸೀಮೆಯ ಮಳೆಯಾಧಾರಿತ ಕೆರೆಯ ವಿಷಯ. ಇಂಥವು ಕರ್ನಾಟಕದಲ್ಲಿ ಸಾವಿರಗಟ್ಟಲೆ ಇವೆ, ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಮೈಕಟ್ಟು. ಒಂದು ಕಡೆ ಏರಿ, ಅದರಲ್ಲಿ ತೂಬು, ಅಂಚಿನಲ್ಲೊಂದು ಕೋಡಿ, ಏರಿಯ ಎದುರಿಗೆ ಹೊಲಗಳತ್ತ ತೆಳುವಾಗುತ್ತಾ ಹೋಗುವ ಅಂಗಳ. ಆಳ ಇರುವುದು ತೂಬಿನ ಬಳಿ. ಮಧ್ಯಾಹ್ನದ ಬಿಸಿಲಿಗೆ ದೊಡ್ಡ ಮೀನು ಸೇರುವುದು ಅಲ್ಲಿಗೆ. ಅಂಗಳದ ಕಡೆ ನೀರು ಮೊಣಕಾಲುದ್ದ, ಜೊಂಡು, ತಾವರೆ ಎಲೆ. ಮರಿಗಳು ಬೆಳೆಯುವುದು ಅಲ್ಲಿ, ಅವನ್ನು ಹಿಡಿಯುವ ಮೀನು ಹೊಂಚುಹಾಕುವುದೂ ಅಲ್ಲೇ. ನೀರುಕಾಗೆಗಳು ಸಾಲಾಗಿ ಮುಳುಗಿ ಏಳುತ್ತಿದ್ದರೆ ಅಲ್ಲಿ ಸಣ್ಣ ಮೀನು ದಂಡಿಯಾಗಿವೆ. ಹೊಸ ಕೆರೆಗೆ ಹೋದಾಗ ಅರ್ಧ ಗಂಟೆ ಹಕ್ಕಿಗಳನ್ನು ನೋಡಿದರೆ ನಷ್ಟವೇನಿಲ್ಲ.

ಈಗ ಮೀನುಗಳ ಪರಿಚಯ. ಇಲ್ಲಿ ಸ್ವಲ್ಪ ನಿಲ್ಲಬೇಕು. ಗಾಳಕ್ಕೆ ಏನು ಬಿದ್ದೀತು ಎನ್ನುವುದೆಲ್ಲಾ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಈ ಮೀನು ಈ ಕೆರೆಯಲ್ಲಿ ಹುಟ್ಟಿದ್ದೋ, ಯಾರೋ ತಂದು ಬಿಟ್ಟದ್ದೋ?

ಕಾಟ್ಲಾ, ರೋಹು, ಮೃಗಾಲ್. ಮೀನಿನ ಅಂಗಡಿಯಲ್ಲಿ ದಿನಾ ಕಾಣುವ ಈ ಮೂವರೂ ಗಂಗಾ ಬಯಲಿನ ನದಿಗಳವರು. ಮೂರರ ಬಾಯಿ ನೋಡಿದರೆ ಯಾವುದು ಎಲ್ಲಿ ಮೇಯುತ್ತದೆ ಎಂದು ಗೊತ್ತಾಗುತ್ತದೆ. ಕಾಟ್ಲಾದ್ದು ದೊಡ್ಡ ತಲೆ, ಮೇಲಕ್ಕೆ ತೆರೆದ ಬಾಯಿ. ಮೇಲ್ನೀರಿನಲ್ಲಿ ಸೂಕ್ಷ್ಮ ಪ್ರಾಣಿಗಳನ್ನು ಸೋಸಿ ತಿನ್ನುತ್ತದೆ. ರೋಹುವಿನ ತುಟಿಗೆ ಅಂಚು ಕಟ್ಟಿದ ಹಾಗೆ ಕುಚ್ಚಿರುತ್ತದೆ. ನಡುನೀರಿನಲ್ಲಿ ಕಡ್ಡಿ-ಎಲೆಗೆ ಹತ್ತಿದ ಪಾಚಿ ಕೆರೆಯುತ್ತದೆ. ಮೃಗಾಲ್ ತಳದಲ್ಲಿ ಕೊಳೆತದ್ದನ್ನು ಹೆಕ್ಕುತ್ತದೆ. ಮೂರನ್ನೂ ಒಂದೇ ಕೆರೆಗೆ ಬಿಡುವುದು ಇದಕ್ಕೇ. ಒಬ್ಬರ ಊಟಕ್ಕೆ ಇನ್ನೊಬ್ಬರು ಅಷ್ಟಾಗಿ ಕೈ ಹಾಕುವುದಿಲ್ಲ.

ಆದರೆ ಈ ಮೂರೂ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಕೆರೆಯಲ್ಲಿ ಬೆಳೆದ ಹೆಣ್ಣು ರೋಹುವಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ತುಂಬಿಕೊಂಡರೂ, ಮುಂಗಾರಿನ ಹೊಳೆಯ ಹರಿವು ಸಿಗದೆ ಅವೆಲ್ಲಾ ಮೈಯೊಳಗೇ ಕರಗಿಹೋಗುತ್ತವೆ. ಹಿಂದೆ ಹೊಳೆಗಳಲ್ಲಿ ಮರಿ ಸೋಸಿ ಕುಂಡಗಳಲ್ಲಿ ಸಾಗಿಸಿ ತಂದು ಕೆರೆಗೆ ಬಿಡುತ್ತಿದ್ದರು. ಆ ಕಷ್ಟ ಕಳೆದದ್ದು 1957ರ ಜುಲೈ 10ರಂದು, ಒಡಿಶಾದ ಅಂಗುಲ್‌ನಲ್ಲಿ. ಮೀನಿನ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ತಾಯಿಮೀನಿಗೆ ಚುಚ್ಚಿ, ನಿಂತ ನೀರಿನಲ್ಲೇ ಮೊಟ್ಟೆ ಇಡಿಸಿದವರು ಡಾ. ಹೀರಾಲಾಲ್ ಚೌಧುರಿ. ಆ ದಿನವನ್ನು ದೇಶದಲ್ಲಿ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ನಮ್ಮೂರ ಕೆರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿಸಿಕೊಂಡು ಬರುವ ಬೆರಳುದ್ದದ ಮರಿಗಳ ಹಿಂದೆ ಆ ಒಂದು ಚುಚ್ಚುಮದ್ದಿನ ಕತೆ ಇದೆ. ಹಾಗಾಗಿ ಕಾಟ್ಲಾ, ರೋಹು ಎಷ್ಟಿವೆ ಎನ್ನುವುದಕ್ಕೆ ಉತ್ತರ ನೀರಿನಲ್ಲಿಲ್ಲ, ಗುತ್ತಿಗೆದಾರರ ಲೆಕ್ಕದ ಪುಸ್ತಕದಲ್ಲಿದೆ. ಯಾವ ತಿಂಗಳಲ್ಲಿ ಎಷ್ಟು ಮರಿ ಬಿಟ್ಟರು, ಬಲೆ ಎಳೆದದ್ದು ಯಾವಾಗ ಎಂದು ಕೇಳಿ ತಿಳಿಯಿರಿ. ಹೋದ ಬೇಸಿಗೆಯಲ್ಲಿ ಕೆರೆ ಬತ್ತಿ, ಈ ವರ್ಷ ಮರಿ ಬಿಟ್ಟಿಲ್ಲವೆಂದರೆ ರೋಹುವಿಗೆ ಕಾಯುತ್ತಾ ಕೂರುವುದು ದಂಡ.

ಎರಡನೆಯ ಗುಂಪು ಹೊರಗಿನಿಂದ ಬಂದು ಇಲ್ಲೇ ಸಂಸಾರ ಹೂಡಿದವು. ಸಾಮಾನ್ಯ ಗೆಂಡೆಯ ಮೊಟ್ಟೆ ಅಂಟಂಟು. ನೀರಿನ ಗಿಡಕ್ಕೆ ಅಂಟಿಸಿಬಿಟ್ಟರೆ ಹರಿವಿನ ಹಂಗಿಲ್ಲದೆ ಮರಿಯಾಗುತ್ತದೆ. ಅದರ ಒಂದು ತಳಿ 1939ರಲ್ಲಿ ನೀಲಗಿರಿಗೆ ಬಂತು, ಬಯಲಿನ ಬಿಸಿಗೆ ಒಗ್ಗುವ ಇನ್ನೊಂದು ತಳಿ 1957ರಲ್ಲಿ ಬ್ಯಾಂಕಾಕಿನಿಂದ. ತಿಲಾಪಿಯಾ ಬಂದದ್ದು 1952ರಲ್ಲಿ. ನಮ್ಮ ಕಡೆ ಅದನ್ನು ಜಿಲೇಬಿ ಮೀನು ಅನ್ನುತ್ತಾರೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಂಗಳದ ಕೆಸರಿನಲ್ಲಿ ಊಟದ ತಟ್ಟೆ ಒತ್ತಿ ತೆಗೆದಂಥ ದುಂಡು ಗುಂಡಿಗಳು ಒಂದರ ಪಕ್ಕ ಒಂದು ಕಾಣುತ್ತವಲ್ಲ, ಅವು ಗಂಡು ಜಿಲೇಬಿ ತೋಡಿದ ಗೂಡುಗಳು. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು ಕೂಡಲೇ ಬಾಯಿಗೆ ತುಂಬಿಕೊಳ್ಳುತ್ತದೆ. ಮರಿಯಾಗುವವರೆಗೂ ಸರಿಯಾಗಿ ಊಟ ಮಾಡುವುದಿಲ್ಲ. ಇಷ್ಟು ಜತನದ ತಾಯಿಗೆ ಮರಿ ಉಳಿಯುವುದು ಹೆಚ್ಚು. ಎರಡು ಮೂರು ತಿಂಗಳಿಗೇ ಮುಂದಿನ ಪೀಳಿಗೆ ತಯಾರು. ಕೆರೆ ತುಂಬಾ ಅಂಗೈಯಗಲದ ಜಿಲೇಬಿ, ಬೆಳೆಯಲು ಊಟವಿಲ್ಲ. ಗುಂಡಿಗಳನ್ನು ಎಣಿಸಿ ನೋಡಿ. ನೂರಾರಿದ್ದರೆ ನಿಮ್ಮ ಗಾಳಕ್ಕೆ ದಿನವಿಡೀ ಕೆಲಸ, ದೊಡ್ಡ ಮೀನಿನ ಆಸೆ ಅಷ್ಟರಮಟ್ಟಿಗೆ ಕಮ್ಮಿ.

ಮೂರನೆಯವರು ಕೆರೆಯ ಮೂಲ ನಿವಾಸಿಗಳು: ಪಕ್ಕೆ, ಚೇಳು ಮೀನು, ಕೊರವ. ಕೊರವದ ವಿಷಯ ಕೊನೆಗೆ ಹೇಳುತ್ತೇನೆ.

ಎಷ್ಟಿವೆ ಎಂದು ಎಣಿಸುವುದು ಹೇಗೆ? ನನ್ನ ಮಕ್ಕಳಿಗೆ ಇದನ್ನು ಹುಣಸೆಬೀಜದಲ್ಲಿ ಮಾಡಿಸುತ್ತಿದ್ದೆ. ಒಂದು ಬೋಗುಣಿ ತುಂಬಾ ಬೀಜ. ಅದರಿಂದ 50 ಬೀಜ ತೆಗೆದು ಸುಣ್ಣದ ಚುಕ್ಕೆ ಇಟ್ಟು ವಾಪಸು ಹಾಕಿ ಚೆನ್ನಾಗಿ ಕಲಸಿ. ಕಣ್ಣು ಮುಚ್ಚಿ 40 ಬೀಜ ತೆಗೆಯಿರಿ. ಅದರಲ್ಲಿ 5ಕ್ಕೆ ಚುಕ್ಕೆ ಇದೆ ಅನ್ನಿ. ತೆಗೆದದ್ದರಲ್ಲಿ ಎಂಟಕ್ಕೆ ಒಂದು ಚುಕ್ಕೆ. ಹಾಗಾದರೆ ಇಡೀ ಬೋಗುಣಿಯಲ್ಲೂ ಎಂಟಕ್ಕೆ ಒಂದು. ಚುಕ್ಕೆಯವು 50, ಒಟ್ಟು ಸುಮಾರು 400. ಆಮೇಲೆ ಒಂದೊಂದಾಗಿ ಎಣಿಸಿ ತಾಳೆ ನೋಡುವಾಗ ಮಕ್ಕಳ ಮುಖ ನೋಡಬೇಕು. ಕೆರೆಯಲ್ಲೂ ಹೀಗೆಯೇ: ಬಲೆಗೆ ಬಿದ್ದ ಮೀನಿನ ರೆಕ್ಕೆಯ ತುದಿ ಚೂರು ಕತ್ತರಿಸಿ ಬಿಡುತ್ತಾರೆ, ಕೆಲವು ದಿನ ಬಿಟ್ಟು ಮತ್ತೆ ಬಲೆ ಎಳೆಯುತ್ತಾರೆ. ಮೀನುಗಳಿಗೆ ಈ ಲೆಕ್ಕದ ದಾರಿ ತೋರಿದವರು 19ನೇ ಶತಮಾನದ ಕೊನೆಯಲ್ಲಿ ಡೆನ್ಮಾರ್ಕಿನ ಪೀಟರ್‌ಸನ್. ಗುರುತಿನ ಮೀನು ಎಲ್ಲ ಕಡೆ ಬೆರೆತಿರಬೇಕು, ನಡುವೆ ಕೋಡಿ ಹರಿದು ಮೀನು ಹೊರಹೋಗಿರಬಾರದು. ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ಗಾಳ ಹಾಕುವವರಿಗೆ ಇಷ್ಟು ಬೇಡ. ಒಂದು ನೋಟ್‌ಬುಕ್ ಇಡಿ. ಎಷ್ಟು ಗಂಟೆ ಕೂತಿರಿ, ಯಾವ ಮೀನು ಎಷ್ಟು ಬಿತ್ತು, ಎಷ್ಟು ಗೇಣು, ನೀರು ಯಾವ ಮಟ್ಟದಲ್ಲಿತ್ತು. ಏನೂ ಬೀಳದ ದಿನವನ್ನೂ ಬರೆಯಿರಿ. ಹೆಚ್ಚಿನವರು ಅದನ್ನು ಬಿಡುತ್ತಾರೆ, ಲೆಕ್ಕ ಕೆಡುವುದು ಅಲ್ಲೇ. ಹೋದ ವರ್ಷ ನಾಲ್ಕು ಗಂಟೆಗೆ ಆರು ಗೆಂಡೆ, ಈ ವರ್ಷ ಅಷ್ಟೇ ಹೊತ್ತಿಗೆ ಎರಡು ಎಂದರೆ ಕೆರೆಯಲ್ಲಿ ಏನೋ ಬದಲಾಗಿದೆ ಎಂದು ತಿಳಿಯಲು ಬೇರೆ ಶಾಸ್ತ್ರ ಬೇಕಿಲ್ಲ.

ಇನ್ನು ಗಾಳಕ್ಕೆ ಬರೋಣ. ಕೆರೆಯಲ್ಲಿ ಗಾಳ ಹಾಕುವುದರ ಬಗ್ಗೆಯೇ 1887ರಲ್ಲಿ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಬರೆದ ಎಚ್. ಎಸ್. ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಆದರೆ ಹೊಸಬರಿಗೆ ನಮ್ಮೂರ ಹುಡುಗರ ಬಿದಿರು ಕೋಲೇ ಒಳ್ಳೆಯ ಗುರು. ಎರಡಾಳುದ್ದದ ಕೋಲು, ಅಷ್ಟೇ ಉದ್ದದ ನೈಲಾನ್ ದಾರ, ಚೂರು ಸೀಸ, ನವಿಲುಗರಿಯ ದಂಟಿನ ಬೆಂಡು, ಸಣ್ಣ ಗಾಳ. ಅಂಗಡಿಯಲ್ಲಿ ಗಾಳದ ನಂಬರು ಹೆಚ್ಚಾದಷ್ಟೂ ಗಾಳ ಚಿಕ್ಕದು, ಇದು ನೆನಪಿರಲಿ. ಎರೆಹುಳು ಸಿಕ್ಕಿಸಿ ಮೊಣಕಾಲುದ್ದದ ನೀರಿಗೆ ಬಿಟ್ಟರೆ ಮೊದಲು ಬರುವುದು ಜಿಲೇಬಿ. ಬೆಂಡು ಎರಡು ಸಲ ಕುಣಿದು ಸರಕ್ಕನೆ ಓರೆಯಾಗಿ ಓಡುತ್ತದೆ. ಎಳೆಯುವ ಹದ ಕಲಿಯಲು ಇದಕ್ಕಿಂತ ಒಳ್ಳೆಯ ಮೀನಿಲ್ಲ.

ಗೆಂಡೆಗೆ ತಾಳ್ಮೆ ಬೇಕು. ತಳದ ಕೆಸರಿನಲ್ಲಿ ಅದು ಮೂತಿ ತೂರಿ ಮೇಯುವಾಗ ಮೇಲೆ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಆ ಸಾಲು ಯಾವ ಕಡೆಗೆ ನಡೆಯುತ್ತಿದೆ ನೋಡಿ, ಅದರ ಮುಂದಕ್ಕೆ ಮೇವು ಇಡಿ. ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಬೆರೆಸಿ ಗಟ್ಟಿಯಾಗಿ ನಾದಿದ ಗೋಲಿಗಾತ್ರದ ಉಂಡೆ. ಮನೆಯಲ್ಲಿ ಮುದ್ದೆ ಉಳಿದಿದ್ದರೆ ಅದೂ ನಡೆಯುತ್ತದೆ. ಬೆಂಡು ಮುಳುಗುವ ಬದಲು ಒಮ್ಮೊಮ್ಮೆ ಮೇಲೆದ್ದು ಅಡ್ಡ ಮಲಗುತ್ತದೆ, ಮೀನು ಉಂಡೆಯನ್ನು ಎತ್ತಿಕೊಂಡಾಗ ಸೀಸದ ಭಾರ ತಪ್ಪುವುದರಿಂದ. ಹೊಸಬರು ಅದನ್ನು ಗಾಳಿ ಅಂದುಕೊಂಡು ಸುಮ್ಮನಿರುತ್ತಾರೆ. ಚೇಳು ಮೀನು ಬಿದ್ದರೆ ಕೈ ಹಾಕಬೇಡಿ, ಪಕ್ಕದ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಚರ್ಮ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ. ಆಮೇಲೆ ಡಾಕ್ಟರಿಗೆ ತೋರಿಸಿ.

ಕಾಲ ಕೇಳುತ್ತೀರಿ. ನಮ್ಮ ಕೆರೆಗಳು ಸಾಮಾನ್ಯವಾಗಿ ತುಂಬುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಆಗ ಮೀನು ಅಷ್ಟಗಲಕ್ಕೂ ಹರಡಿರುತ್ತವೆ. ಮಾಗಿ ಚಳಿಯಲ್ಲಿ ಅವಕ್ಕೆ ಹಸಿವೇ ಮಂದ. ಸಂಕ್ರಾಂತಿ ಕಳೆದು ನೀರು ಬೆಚ್ಚಗಾಗಿ, ಕೆರೆ ಒಳಕ್ಕೆ ಸರಿಯುತ್ತಾ ಬಂದಾಗಿನಿಂದ ಯುಗಾದಿಯವರೆಗೆ ಒಳ್ಳೆಯ ದಿನಗಳು. ಗುತ್ತಿಗೆದಾರರನ್ನು ಕೇಳಿಯೇ ಕೂರಿ. ಆ ಮೀನಿಗೆ ದುಡ್ಡು ಹಾಕಿದವರು ಅವರು. ಅವರಲ್ಲಿ ಮೀನುಗಾರರ ಸಹಕಾರ ಸಂಘಗಳೇ ಎಷ್ಟೋ ಇವೆ. ಬೇಡದ ಸಣ್ಣ ಮೀನನ್ನು ವಾಪಸು ಬಿಡುವಾಗ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಕೈಗೆ ಅದರ ಮೈಲೋಳೆ ಅಂಟಿ ಬಂದರೆ ರೋಗ ತಗಲುತ್ತದೆ.

ಈಗ ಕೊರವ. ಹಾವಿನಂಥ ತಲೆ, ಉರುಟು ಮೈ, ನೀರಿಗಿಂತ ಮೇಲಿನ ಗಾಳಿಯನ್ನೇ ನಂಬಿ ಉಸಿರಾಡುವ ಮೀನು. ಕೆಸರು ನೀರಿನಲ್ಲೂ ಬದುಕುತ್ತದೆ. ಕಪ್ಪೆಮರಿ ಸಿಕ್ಕಿಸಿ ಜೊಂಡಿನ ಅಂಚಿಗೆ ಆಡಿಸಿದರೆ ಅದು ನುಗ್ಗುವ ರಭಸಕ್ಕೆ ನೀರು ಸಿಡಿದು ಮುಖಕ್ಕೆ ಬರುತ್ತದೆ. ಗಾಳ ಕಲಿತವರಿಗೆಲ್ಲಾ ಇದರ ಮೇಲೆ ಕಣ್ಣು, ಅದು ಸಹಜವೇ.

ಮುಂಗಾರಿನ ಒಂದು ಬೆಳಿಗ್ಗೆ ತಾವರೆ ಎಲೆಗಳ ನಡುವಿನ ತಿಳಿನೀರಿನಲ್ಲಿ ಅಂಗೈಯಗಲದ ಒಂದು ಕೆಂಪು ಮೋಡ ಕಾಣುತ್ತದೆ. ಇಟ್ಟಿಗೆ ಬಣ್ಣದ ನೂರಾರು ಮರಿಗಳು ಒಂದೇ ಉಂಡೆಯಾಗಿ ಸರಿಯುತ್ತಿರುತ್ತವೆ. ಗುಳುಗುಳು ಎಂದು ಗಾಳಿಗೆ ಮೇಲೆ ಬಂದು ಮತ್ತೆ ಇಳಿಯುತ್ತವೆ. ಒಂದು ಮಾರು ಕೆಳಗೆ ಕಪ್ಪು ನೆರಳು, ಪಕ್ಕದಲ್ಲಿ ಇನ್ನೊಂದು. ತಾಯಿ, ತಂದೆ. ಉಂಡೆಯ ಹತ್ತಿರ ಏನು ಬಿದ್ದರೂ ಅವು ಹಸಿವಿಲ್ಲದಿದ್ದರೂ ಮೇಲೆರಗುತ್ತವೆ. ಗಾಳದವರಿಗೆ ಇದು ಗೊತ್ತು. ಕೆಂಪು ಮೋಡ ಕಂಡ ಕಡೆ ಕಪ್ಪೆ ಎಸೆದರೆ ಐದೇ ನಿಮಿಷದಲ್ಲಿ ದೊಡ್ಡ ಕೊರವ ಕೈಯಲ್ಲಿ. ನಮ್ಮ ಕೆರೆಯಲ್ಲಿ ಹಾಗೆ ಹಿಡಿದುಕೊಂಡು ಹೋದ ಮೇಲೆ ನಾನು ದಡದಲ್ಲಿ ಕೂತು ನೋಡಿದ್ದೇನೆ. ಮರಿಗಳ ಉಂಡೆ ಸ್ವಲ್ಪ ಹೊತ್ತು ಹಾಗೇ ಸುತ್ತುತ್ತದೆ. ಮೊದಲು ಪಕ್ಕೆಗಳು ಬರುತ್ತವೆ, ಆಮೇಲೆ ಜಿಲೇಬಿ, ಮೇಲಿನಿಂದ ಮಿಂಚುಳ್ಳಿ. ಮಧ್ಯಾಹ್ನದ ಹೊತ್ತಿಗೆ ಎಲೆಯ ಅಡಿಯಲ್ಲಿ ಹತ್ತಿಪ್ಪತ್ತು ಮರಿ ಉಳಿದಿದ್ದವು. ಸಂಜೆ ಹೋದಾಗ ಅವೂ ಇರಲಿಲ್ಲ. ಕೆಂಪು ಮೋಡ ಕಂಡ ದಿನ ನೋಟ್‌ಬುಕ್ಕಿನಲ್ಲಿ ಜಾಗ, ತಾರೀಕು ಬರೆದುಕೊಂಡು, ಕೋಲು ಎತ್ತಿಕೊಂಡು ತೂಬಿನ ಕಡೆಗೆ ನಡೆಯಿರಿ. ಅಲ್ಲಿ ಗೆಂಡೆಗಳಿವೆ.