ಮೂಲೆಯ ಪುಟಗಳು

ವಿಶ್ವಕೋಶದಲ್ಲಿ ಅರಸನಿಗೂ ಅರಗಿನ ಹುಳುವಿಗೂ ಪಂಕ್ತಿಭೇದವಿಲ್ಲ. ಅಲ್ಲಿ ಎಲ್ಲರೂ ಅಕಾರಾದಿಯಾಗಿ ಕುಳಿತುಕೊಳ್ಳಬೇಕು. ಚಕ್ರವರ್ತಿಯನ್ನು ಅರಸಿಕೊಂಡು ಹೊರಟವನಿಗೆ ದಾರಿಯಲ್ಲಿ ಚಕ್ಕುಲಿ ಎದುರಾಗಬಹುದು, ಚಕ್ರಮುನಿ ಸೊಪ್ಪು ಎದುರಾಗಬಹುದು. ಅವುಗಳನ್ನು ನೋಡುತ್ತ ನಿಂತವನು ಚಕ್ರವರ್ತಿಯನ್ನು ಮರೆತೇಬಿಡುವುದೂ ಉಂಟು. ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಒಂದು ವಿಷಯವನ್ನು ಹುಡುಕಿ ಬರೆದು ತರಲೆಂದು ಗ್ರಂಥಾಲಯಕ್ಕೆ ಕಳುಹಿಸಿದ ಹುಡುಗರು ಅನೇಕ ವೇಳೆ ಕೇಳಿದ್ದನ್ನು ಬಿಟ್ಟು ಬೇರೊಂದನ್ನು ಹೊತ್ತು ತರುತ್ತಿದ್ದರು. ಅಂಕ ಕೊಡುವಾಗ ಕೈ ಬಿಗಿಹಿಡಿಯುತ್ತಿದ್ದೆನಾದರೂ ಅವರು ತಂದುದನ್ನು ಆಸೆಯಿಂದಲೇ ಕೇಳುತ್ತಿದ್ದೆ.

ಹೀಗೆ ಯಾರೂ ಹುಡುಕಿಕೊಂಡು ಹೋಗದ, ಆದರೆ ಕಣ್ಣಿಗೆ ಬಿದ್ದರೆ ಬಿಡಲಾಗದ ಬರೆಹಗಳನ್ನು ವಿಶ್ವಕೋಶದ ಮೂಲೆಯ ಪುಟಗಳೆಂದು ಕರೆಯೋಣ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂದಿತು. ಹದಿನಾಲ್ಕನೆಯದಾದ ಕೊನೆಯ ಸಂಪುಟ 2004ರಲ್ಲಿ. ಅವುಗಳಲ್ಲಿ ಒಂದೊಂದನ್ನು ಕಪಾಟಿನಿಂದ ಇಳಿಸಲೂ ಎರಡು ಕೈ ಬೇಕು. ಈಗಲಾದರೋ ವಿಶ್ವಕೋಶ ಅಂಗಿಯ ಜೇಬಿನಲ್ಲಿ ಕುಳಿತಿದೆ. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾದ ವಿಕಿಪೀಡಿಯ ಎಂಬ ಅಂತರಜಾಲ ವಿಶ್ವಕೋಶವನ್ನು ಬರೆಯುವವರು ಸಂಬಳಕ್ಕಿರುವ ಪಂಡಿತರಲ್ಲ, ಜಗತ್ತಿನಾದ್ಯಂತ ಇರುವ ಸ್ವಯಂಸೇವಕರು. ಇಂಗ್ಲಿಷಿನಲ್ಲಿ ಅದರ ಲೇಖನಗಳ ಸಂಖ್ಯೆ 2025ರಲ್ಲಿ 70 ಲಕ್ಷವನ್ನು ದಾಟಿತು. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದಲ್ಲಿ 30,000ಕ್ಕೂ ಮಿಕ್ಕ ಲೇಖನಗಳಿವೆ. ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರು ತಮ್ಮಲ್ಲಿರುವ ವಿಚಿತ್ರ ಲೇಖನಗಳದ್ದೇ ಒಂದು ಪಟ್ಟಿಯನ್ನು ಮಾಡಿ ಇಟ್ಟುಕೊಂಡಿದ್ದಾರೆ. ಓದುಗರು ಅಂತಹವನ್ನು ಹೆಕ್ಕಿ, ಹಬ್ಬದ ಎಳ್ಳುಬೆಲ್ಲವನ್ನು ಬೀರುವಂತೆ, ಗೆಳೆಯರಿಗೆ ಹಂಚುತ್ತಾರೆ. ನನ್ನ ಪಾಲಿಗೆ ಬಂದ ಒಂದೆರಡನ್ನು ನಿಮಗೂ ಕೊಡುತ್ತೇನೆ.

ಮೊದಲನೆಯದು ಒಂದು ಮರದ ಚರಿತ್ರೆ. ಆಫ್ರಿಕದ ನೈಜರ್ ದೇಶದಲ್ಲಿ, ಸಹಾರಾದ ಒಡಲೊಳಗೆ, ತೆನೆರೆ ಎಂಬ ಮರಳುಗಾಡಿದೆ. ಅಲ್ಲಿ ಒಂದೇ ಒಂದು ಜಾಲಿ ಜಾತಿಯ ಮರವಿತ್ತು. ಅದರ ಸುತ್ತ 200 ಕಿಲೋಮೀಟರಿಗೂ ಹೆಚ್ಚು ದೂರ ಎತ್ತ ನಡೆದರೂ ಇನ್ನೊಂದು ಮರವಿರಲಿಲ್ಲ. ಉಪ್ಪನ್ನು ಹೇರಿಕೊಂಡು ಅಗಡೆಜ್ ಮತ್ತು ಬಿಲ್ಮಾಗಳ ನಡುವೆ ಓಡಾಡುತ್ತಿದ್ದ ಒಂಟೆಗಳ ಸಾರ್ಥಗಳಿಗೆ ಅದೇ ದಿಕ್ಕು ತೋರುವ ಗುರುತು. ಇಡೀ ಪ್ರದೇಶವನ್ನು ಅಂಗೈಯಗಲಕ್ಕೆ ಇಳಿಸುವ ಸೈನ್ಯದ ಭೂಪಟಗಳಲ್ಲಿ ಊರುಗಳಿಗೇ ಎಡೆಯಿಲ್ಲದಿರುವಾಗ ಈ ಒಂದು ಮರಕ್ಕೆ ಎಡೆಯಿತ್ತು! 1938-39ರ ಚಳಿಗಾಲದಲ್ಲಿ ಅದರ ಸಮೀಪದಲ್ಲಿ ಬಾವಿ ತೋಡಿದಾಗ ಅದರ ಗುಟ್ಟು ಹೊರಬಿದ್ದಿತು: ಬೇರುಗಳು ಸುಮಾರು 35 ಮೀಟರ್ ಆಳದ ಅಂತರ್ಜಲವನ್ನು ಮುಟ್ಟಿದ್ದವು. ಆ ದಾರಿಯಲ್ಲಿ ಸಾಗುವವರು ಚಹಾ ಕಾಯಿಸುವುದಕ್ಕೂ ಅದರ ಒಂದು ರೆಂಬೆಯನ್ನು ಮುರಿಯುತ್ತಿರಲಿಲ್ಲವೆಂದು ಅದನ್ನು ಕಂಡ ಫ್ರೆಂಚ್ ಸೇನಾಧಿಕಾರಿಯೊಬ್ಬರು 1939ರಲ್ಲಿ ಬರೆದಿದ್ದಾರೆ. ಹಸಿದ ಒಂಟೆಗಳಿಂದಲೂ ಅದನ್ನು ಕಾಪಾಡಿದ್ದರು.

ಇಂತಹ ಮರವನ್ನು 1973ರಲ್ಲಿ ಒಂದು ಲಾರಿ ಡಿಕ್ಕಿ ಹೊಡೆದು ಉರುಳಿಸಿತು. ಎತ್ತ ನೋಡಿದರೂ ಬಯಲೇ ಬಯಲಾಗಿರುವಲ್ಲಿ, ಇದ್ದ ಒಂದೇ ಮರಕ್ಕೆ! ಈ ವಾಕ್ಯವನ್ನು ಓದಿ ನಗುವುದೋ ಅಳುವುದೋ ತಿಳಿಯದೆ ಪುಸ್ತಕ ಮುಚ್ಚಿದವರು ಅದನ್ನು ಪಕ್ಕದವರಿಗೆ ಹೇಳದೆ ಇರಲಾರರು. ಮರದ ಕಾಂಡವನ್ನು ಆ ವರ್ಷದ ನವೆಂಬರಿನಲ್ಲಿ ರಾಜಧಾನಿ ನಿಯಾಮೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಅದು ನಿಂತಿದ್ದ ಜಾಗದಲ್ಲಿ ಲೋಹದ ಮರವೊಂದನ್ನು ನೆಟ್ಟರು.

ಎರಡನೆಯದನ್ನು ಕೇಳಿದೊಡನೆ ಯಾರಿಗಾದರೂ ನಗು ಬರುತ್ತದೆ. ಅಮೆರಿಕದ ಬಾಸ್ಟನ್ ನಗರದಲ್ಲಿ 1919ರ ಜನವರಿ 15ರ ಮಧ್ಯಾಹ್ನ ಕಾಕಂಬಿಯ ಪ್ರವಾಹ ಬಂದಿತು. ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪಾದ ಮಂದ ಪಾಕವೇ ಕಾಕಂಬಿ. ಐವತ್ತು ಅಡಿ ಎತ್ತರ, ತೊಂಬತ್ತು ಅಡಿ ಅಡ್ಡಳತೆಯ ಉಕ್ಕಿನ ತೊಟ್ಟಿಯೊಂದು ಬಿರಿದು, ಅದರೊಳಗಿದ್ದ 23 ಲಕ್ಷ ಗ್ಯಾಲನ್ ಪಾಕ ಬೀದಿಗೆ ನುಗ್ಗಿತು. ಆ ಅಲೆಯ ಎತ್ತರ 25 ಅಡಿಯಷ್ಟಿತ್ತೆಂದೂ ವೇಗ ಗಂಟೆಗೆ 35 ಮೈಲಿಯಷ್ಟಿತ್ತೆಂದೂ ಅಂದಾಜು ಮಾಡಿದ್ದಾರೆ. ನಗು ಇಲ್ಲಿಗೆ ನಿಲ್ಲುತ್ತದೆ. ಸತ್ತವರು 21 ಮಂದಿ. ಗಾಯಗೊಂಡವರು ಸುಮಾರು 150. ಬಂಡಿಗಳಿಗೆ ಕಟ್ಟಿದ್ದ ಕುದುರೆಗಳು ಅಂಟಿನಲ್ಲಿ ಸಿಕ್ಕಿಬಿದ್ದು ಸತ್ತವು. ಲೇಖನವನ್ನು ಮುಂದಕ್ಕೆ ಓದಿದರೆ ತಿಳಿಯುತ್ತದೆ, ತೊಟ್ಟಿ ಮೊದಲಿನಿಂದಲೇ ಸೋರುತ್ತಿತ್ತು ಎಂದು. ನೆರೆಹೊರೆಯ ಬಡ ಮಕ್ಕಳು ಡಬ್ಬಿ ಹಿಡಿದು ಆ ಸೋರಿಕೆಯನ್ನು ತುಂಬಿಕೊಂಡು ಹೋಗುತ್ತಿದ್ದರು. ಒಡೆಯರು ಮಾಡಿದ ಚಿಕಿತ್ಸೆಯೆಂದರೆ, ಸೋರಿದ್ದು ಕಾಣದಂತೆ ತೊಟ್ಟಿಗೆ ಕಂದು ಬಣ್ಣ ಬಳಿಸಿದ್ದು! ದುರಂತವಾದ ಮೇಲೆ ಅವರು ಯಾರೋ ಬಾಂಬಿಟ್ಟರೆಂದು ವಾದಿಸಿದರು. ವರ್ಷಗಟ್ಟಲೆ ವಿಚಾರಣೆ ನಡೆದು 1925ರಲ್ಲಿ ತಪ್ಪು ಕಂಪನಿಯದೇ ಎಂದು ತೀರ್ಪಾಯಿತು. ದೊಡ್ಡ ಕಟ್ಟಡಗಳ ನಕ್ಷೆಗೆ ಅರ್ಹ ಎಂಜಿನಿಯರ ಸಹಿ ಇರಲೇಬೇಕೆಂಬ ನಿಯಮ ಆ ಪ್ರಾಂತದಲ್ಲಿ ಬಿಗಿಯಾದುದು ಈ ಪ್ರಕರಣದ ತರುವಾಯ. ತಮಾಷೆಯೆಂದು ಕೈಗೆತ್ತಿಕೊಂಡ ಪುಟ ಹೀಗೆ ನ್ಯಾಯಾಲಯದ ಬಾಗಿಲಿಗೆ ನಮ್ಮನ್ನು ಕರೆದೊಯ್ದು ನಿಲ್ಲಿಸುತ್ತದೆ.

ಮೂಲೆಯ ಸಂಗತಿಗಳಿಗೆ ಮನ್ನಣೆ ಕೊಡುವುದು ಅಂತರಜಾಲ ಕಲಿಸಿದ ಹೊಸ ರುಚಿಯೇನಲ್ಲ. ಫ್ರಾನ್ಸಿನಲ್ಲಿ 1751ರಿಂದ 1772ರವರೆಗೆ ಇಪ್ಪತ್ತೆಂಟು ಸಂಪುಟಗಳ ಮಹಾಕೋಶವನ್ನು ಹೊರತಂದ ದಿದರೋ, ಚಾಕು ಕತ್ತರಿಗಳನ್ನು ಮಾಡುವ ಕುಶಲಕರ್ಮಿಯ ಮಗ. ಕಾಲುಚೀಲ ಹೆಣೆಯುವ ಯಂತ್ರದ ಮೇಲೆ ಆತ ಬಲು ದೀರ್ಘವಾದ ಲೇಖನ ಬರೆದ. ಅವನಿಗಿಂತ ಏಳು ಶತಮಾನಗಳಿಗೂ ಹಿಂದೆ ನಮ್ಮಲ್ಲಿಯೇ ಅಂತಹ ಕೆಲಸ ನಡೆದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವನ್ನು ರಚಿಸಿದ. (ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಬೇರೆ, ಈತ ಬೇರೆ.) ಜ್ಯೋತಿಷ, ವಾಸ್ತು, ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಪಾಕ, ವಿಷವೈದ್ಯ ಎಲ್ಲವೂ ಅದರಲ್ಲಿ ಸೇರಿವೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಸಂಬಾರಗಳನ್ನೂ ಬೆರೆಸಿ ಮಾಡುವ ಭಕ್ಷ್ಯವೊಂದನ್ನು ಅವನು ಹೇಳುತ್ತಾನೆ. ಅದೇ ನಮ್ಮ ಇಡ್ಡಲಿಯ ಪೂರ್ವರೂಪ. ಅಕ್ಕಿಯ ಸೊಲ್ಲೇ ಅದರಲ್ಲಿಲ್ಲ! ಅರಸರ ವಂಶಾವಳಿಯನ್ನು ಹೇಳುವ ಶಾಸನಗಳು ನೂರಾರು ದೊರೆಯುತ್ತವೆ. ಸಾವಿರ ವರ್ಷದ ಹಿಂದಿನ ಅಡುಗೆಮನೆಯ ಒಳಗನ್ನು ತೋರಿಸುವ ಇಂತಹ ಪದ್ಯಗಳು ಬಹಳ ದೊರೆಯುವುದಿಲ್ಲ.

ಇಷ್ಟರವರೆಗೆ ಹೇಳಿದುದು ಸಂತೋಷದ ಮಾತು. ಇನ್ನು ಸ್ವಲ್ಪ ಎಚ್ಚರದಿಂದ ಕೇಳಬೇಕಾದ ಕಥೆಯೊಂದಿದೆ. 2007ರ ಜುಲೈ ತಿಂಗಳಿನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಬಿಚೋಲಿಮ್ ಸಂಘರ್ಷ’ ಎಂಬ ಲೇಖನ ಕಾಣಿಸಿಕೊಂಡಿತು. ಬಿಚೋಲಿಮ್ ಗೋವೆಯ ಉತ್ತರ ಭಾಗದ ಒಂದು ಪಟ್ಟಣ. ಜನ ಡಿಚೋಲಿ ಎನ್ನುತ್ತಾರೆ. 1640-41ರಲ್ಲಿ ಪೋರ್ಚುಗೀಸರಿಗೂ ಮರಾಠಾ ಸಾಮ್ರಾಜ್ಯಕ್ಕೂ ಅಲ್ಲಿ ಯುದ್ಧ ನಡೆದು, ಕಡೆಗೆ ಸಂಧಿಯಾಯಿತೆಂದು ಲೇಖನ ವಿಸ್ತಾರವಾಗಿ ವರ್ಣಿಸಿತ್ತು. ಸುಮಾರು 4,500 ಪದಗಳ ಬರೆಹ. ಭಾಷೆ ಗಂಭೀರ, ಅಡಿಟಿಪ್ಪಣಿಗಳು ಹೇರಳ. ಅದೇ ವರ್ಷ ಸಂಪಾದಕರು ಅದಕ್ಕೆ ‘ಉತ್ತಮ ಲೇಖನ’ವೆಂಬ ಗುರುತನ್ನೂ ಕೊಟ್ಟರು. ಐದು ವರ್ಷಗಳಿಗೂ ಹೆಚ್ಚು ಕಾಲ ಅದು ಹಾಗೆಯೇ ಇದ್ದಿತು. ಬೇರೆ ತಾಣಗಳು ಅದನ್ನು ನಕಲು ಮಾಡಿಕೊಂಡವು. 2012ರ ಕೊನೆಯಲ್ಲಿ ಒಬ್ಬ ಸ್ವಯಂಸೇವಕ ಅಡಿಟಿಪ್ಪಣಿಯಲ್ಲಿ ಹೆಸರಿಸಿದ ಪುಸ್ತಕಗಳನ್ನು ಹುಡುಕಲು ಹೊರಟ. ಆ ಪುಸ್ತಕಗಳು ಎಲ್ಲಿಯೂ ಇರಲಿಲ್ಲ. ಯುದ್ಧವೂ ಇರಲಿಲ್ಲ. ಎಲ್ಲವೂ ಕಟ್ಟುಕಥೆ. ಡಿಸೆಂಬರ್ ಮುಗಿಯುವುದರೊಳಗೆ ಲೇಖನವನ್ನು ಅಳಿಸಿಹಾಕಿದರು.

ಇದರಲ್ಲಿ ನನ್ನನ್ನು ಕಾಡುವ ಸಂಗತಿಯೆಂದರೆ, ಈ ಸುಳ್ಳನ್ನು ಹಿಡಿಯಲು ಮಹಾಪಾಂಡಿತ್ಯ ಬೇಕಾಗಿರಲಿಲ್ಲ. 1630ರಲ್ಲಿ ಜನಿಸಿದ ಶಿವಾಜಿ 1640ರಲ್ಲಿ ಹತ್ತು ವರ್ಷದ ಬಾಲಕ. ಅವನ ಪಟ್ಟಾಭಿಷೇಕ ನಡೆದುದು 1674ರಲ್ಲಿ. ಹಾಗಾದರೆ 1640ರಲ್ಲಿ ಪೋರ್ಚುಗೀಸರ ಮೇಲೆ ಸೇನೆ ನಡೆಸಿದ ಮರಾಠಾ ಸಾಮ್ರಾಜ್ಯ ಯಾವುದು? ಡಿಚೋಲಿಯ ಸೀಮೆ ಆಗ ವಿಜಯಪುರದ ಆದಿಲಶಾಹಿಗಳ ಅಧೀನದಲ್ಲಿತ್ತು. ಈ ಪ್ರಶ್ನೆಯನ್ನು ಚರಿತ್ರೆಯ ಪಾಠಪುಸ್ತಕವನ್ನು ಮನಸ್ಸಿಟ್ಟು ಓದಿದ ಯಾವ ವಿದ್ಯಾರ್ಥಿಯೂ ಕೇಳಬಹುದಾಗಿತ್ತು. ಲಕ್ಷಾಂತರ ಪುಟಗಳ ನಡುವೆ ಅಡಗಿದ ಸಣ್ಣ ಪಟ್ಟಣವೊಂದರ ಸಣ್ಣ ಯುದ್ಧವಾದುದರಿಂದ ಕೇಳುವವರು ಅಲ್ಲಿಗೆ ಬರಲಿಲ್ಲ. ಪಾಣಿಪತ್ ಯುದ್ಧದ ವರ್ಷವನ್ನು ಯಾರಾದರೂ ತಿರುಚಿದರೆ ಗಳಿಗೆಯೊಳಗೆ ನೂರು ಮಂದಿ ತಿದ್ದುತ್ತಾರೆ. ಮೂಲೆಗೆ ಕಾವಲಿಲ್ಲ, ಆದುದರಿಂದ ಮೂಲೆಯ ಪುಟವನ್ನು ಓದುವವನೇ ಅಲ್ಲಿಯ ಕಾವಲುಗಾರನಾಗಬೇಕಾಗುತ್ತದೆ.

ಅಂತರಜಾಲದ ಬರೆಹವಾದುದರಿಂದ ಹೀಗಾಯಿತು, ಅಚ್ಚಿನ ಪುಸ್ತಕವಾಗಿದ್ದರೆ ಆಗುತ್ತಿರಲಿಲ್ಲ ಎಂದು ಹಿರಿಯರು ಕೆಲವರು ಹೇಳುವುದುಂಟು. ನಾನು ಒಪ್ಪಲಾರೆ. 1975ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ನ್ಯೂ ಕೊಲಂಬಿಯಾ ಎನ್‌ಸೈಕ್ಲೊಪೀಡಿಯ’ದಲ್ಲಿ ಲಿಲಿಯನ್ ವರ್ಜೀನಿಯ ಮೌಂಟ್‌ವೀಸೆಲ್ ಎಂಬಾಕೆಯ ಜೀವನಚರಿತ್ರೆಯಿದೆ. 1942ರಲ್ಲಿ ಓಹಾಯೋ ಪ್ರಾಂತದ ಬ್ಯಾಂಗ್ಸ್ ಎಂಬಲ್ಲಿ ಹುಟ್ಟಿದವಳು. ಹಳ್ಳಿಗಾಡಿನ ಅಂಚೆಪೆಟ್ಟಿಗೆಗಳ ಛಾಯಾಚಿತ್ರಗಳಿಂದ ಹೆಸರಾದವಳು. ಉರಿಯುವ ವಸ್ತುಗಳ ಬಗೆಗಿನ ಪತ್ರಿಕೆಯೊಂದಕ್ಕಾಗಿ ಕೆಲಸ ಮಾಡುತ್ತಿರುವಾಗ ಸ್ಫೋಟದಲ್ಲಿ ಮಡಿದವಳು. ಇಂಗ್ಲಿಷಿನಲ್ಲಿ ‘ಬ್ಯಾಂಗ್’ ಎಂದರೆ ಢಮಾರೆಂಬ ಸದ್ದು ಎಂಬುದನ್ನು ನೆನೆದರೆ ಸಂಪಾದಕರ ಕಿಡಿಗೇಡಿತನ ತಿಳಿಯುತ್ತದೆ. ಅಂತಹ ಹೆಂಗಸು ಹುಟ್ಟಿಯೇ ಇರಲಿಲ್ಲ. ಬೇರೆಯವರು ತಮ್ಮ ಕೋಶವನ್ನು ಕದ್ದು ಅಚ್ಚುಹಾಕಿದರೆ ಸಿಕ್ಕಿಬೀಳಲೆಂದು ಒಡ್ಡಿದ ಬಲೆ ಅದು. ಕಳ್ಳನಿಗಾಗಿ ಒಡ್ಡಿದ ಬಲೆಯಲ್ಲಿ ನಂಬಿದ ಓದುಗನೂ ಬೀಳುತ್ತಾನೆಂಬುದನ್ನು ಆ ಪಂಡಿತರು ಯೋಚಿಸಿದಂತೆ ತೋರುವುದಿಲ್ಲ.

ಹಾಗಾದರೆ ಮರಳುಗಾಡಿನ ಮರದ ಕಥೆಯನ್ನು ನಂಬಬೇಕೇ? ಅದನ್ನೂ ಒರೆಗೆ ಹಚ್ಚಿ ನೋಡೋಣ. ಮರ ನಿಂತಿದ್ದಾಗ ತೆಗೆದ ಛಾಯಾಚಿತ್ರಗಳಿವೆ. ಅದನ್ನು ಗುರುತಿಸಿದ ಭೂಪಟಗಳಿವೆ. ಅದನ್ನು ಕಣ್ಣಾರೆ ಕಂಡವರ ಬರೆಹಗಳಿವೆ. ಕಾಂಡವನ್ನು ನಿಯಾಮೆಗೆ ಒಯ್ದ ದಾಖಲೆಯಿದೆ. ಒಂದರ ಹಂಗಿಲ್ಲದೆ ಇನ್ನೊಂದು ಹೇಳುವ ಸಾಕ್ಷ್ಯಗಳಿವು. ಬಾಸ್ಟನ್ನಿನ ಪ್ರವಾಹಕ್ಕಂತೂ ಮರುದಿನದ ವೃತ್ತಪತ್ರಿಕೆಗಳಿವೆ, ನ್ಯಾಯಾಲಯದ ವಿಚಾರಣೆಯ ಸಾವಿರಾರು ಪುಟಗಳಿವೆ. ಡಿಚೋಲಿಯ ಯುದ್ಧಕ್ಕೆ ಇದ್ದುದು ಅಡಿಟಿಪ್ಪಣಿಗಳು ಮಾತ್ರ. ಆ ಟಿಪ್ಪಣಿಗಳ ಬೆನ್ನುಹತ್ತಿ ಹೋದರೆ ದಾರಿ ಗೋಡೆಗೆ ಮುಟ್ಟುತ್ತಿತ್ತು. ಪುಟದ ಕೆಳಗಿನ ಆ ಸಣ್ಣ ಅಕ್ಷರಗಳನ್ನು ಓದುವುದು ಬೇಸರದ ಕೆಲಸವೆನಿಸಬಹುದು. ನನಗೆ ಅದು ಪತ್ತೇದಾರಿ ಕಾದಂಬರಿಯಷ್ಟೇ ರುಚಿಸುತ್ತದೆ. ಅಲ್ಲಿ ಬೆರಳಿಟ್ಟು ನೋಡಿದ ಮೇಲೆಯೇ ಸಂಗತಿಯನ್ನು ಗೆಳೆಯನಿಗೆ ಹೇಳುವವನಿಗೆ ಇನ್ನೊಂದು ಲಾಭವುಂಟು: ಕೇಳಿದವನು “ನಿನಗೆ ಹೇಗೆ ಗೊತ್ತು?” ಎಂದಾಗ ಅವನ ಬಾಯಿ ಕಟ್ಟುವುದಿಲ್ಲ.

ಈ ವಿದ್ಯೆಯನ್ನು ಪ್ರಯೋಗಿಸಿ ನೋಡಲು ದೂರದ ಆಫ್ರಿಕಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ.ಎಲ್. ರೈಸ್ ಎಂಬ ವಿದ್ವಾಂಸರು ಮೈಸೂರು ಮತ್ತು ಕೊಡಗಿನ ಸುಮಾರು 9,000 ಶಾಸನಗಳನ್ನು ಊರೂರು ಅಲೆದು, ಪ್ರತಿ ಮಾಡಿಸಿ, 1886ರಿಂದ ಮೊದಲುಗೊಂಡು ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಅಚ್ಚುಮಾಡಿಸಿದರು. ಜಿಲ್ಲೆ, ತಾಲ್ಲೂಕುಗಳಿಗೆ ಅನುಸಾರವಾಗಿ ಒಂದೊಂದು ಕಲ್ಲಿಗೂ ಅವರು ಸಂಖ್ಯೆ ಕೊಟ್ಟಿದ್ದಾರೆ. ಅದು ಎಲ್ಲಿ ನಿಂತಿದೆಯೆಂಬುದನ್ನೂ ಬರೆದಿದ್ದಾರೆ. ನಾಡಿನ ಉತ್ತರ ಭಾಗದ ಶಾಸನಗಳು ಬೇರೆ ಸಂಪುಟಗಳಲ್ಲಿ ಅಚ್ಚಾಗಿವೆ. ನಿಮ್ಮ ತಾಲ್ಲೂಕಿನ ಹಾಳೆಗಳನ್ನು ತಿರುವಿ ನೋಡಿ. ಕೆರೆಯ ಏರಿಯ ಮೇಲೆ ನೀವು ದಿನವೂ ಒರಗಿ ನಿಲ್ಲುವ ವೀರಗಲ್ಲು ಅಲ್ಲಿ ಸಿಕ್ಕಬಹುದು. ತುರುಗಳನ್ನು ಹಿಡಿದೊಯ್ದವರ ಮೇಲೆ ಬಿದ್ದು ಕಾದಿ ಸತ್ತವನ ಹೆಸರು, ಅವನ ತಂದೆಯ ಹೆಸರು, ಆ ಕಲ್ಲನ್ನು ನಿಲ್ಲಿಸಿದವರ ಹೆಸರು ಅದರಲ್ಲಿರಬಹುದು. ಪುಸ್ತಕದ ಪಾಠವನ್ನು ಬರೆದುಕೊಂಡು ಹೋಗಿ ಕಲ್ಲಿನೊಡನೆ ಅಕ್ಷರಕ್ಕಕ್ಷರ ಹೋಲಿಸಬಹುದು. ಮಳೆಗೆ ಸವೆದ ಸಾಲುಗಳು ಯಾವುವೆಂದು ಗುರುತು ಹಾಕಿಕೊಳ್ಳಬಹುದು. ಆ ಹೆಸರುಗಳಲ್ಲಿ ಬಹುಪಾಲಿಗೆ ಕನ್ನಡದ ಯಾವ ವಿಶ್ವಕೋಶದಲ್ಲಿಯೂ ಇನ್ನೂ ಒಂದು ಪುಟವಿಲ್ಲ.